ಸೈಡ್‌ನಿಂದ ಕಾಣೋ ಮುಖ: ಕ್ಲಿಪ್ ಹಾಕೋ ಮೊದಲು ಡಾಕ್ಟರ್ ತುಟಿ, ಮೂಗು, ಗದ್ದ ಯಾಕೆ ನೋಡ್ತಾರೆ?

ಇವತ್ತಿನ ಎಪಿಸೋಡ್‌ಗೆ ಒಂದು ಪೆನ್ ಬೇಕು. ಬಸ್ಸಲ್ಲಿ ಇದ್ದೀರಾ ಅಂದ್ರೆ ತೋರುಬೆರಳೇ ಸಾಕು. ಪೆನ್ನಿನ ಒಂದು ಕಡೆ ಮೂಗಿನ ತುದಿಗೆ, ಇನ್ನೊಂದು ಕಡೆ ಗದ್ದಕ್ಕೆ ತಾಗಿಸಿ. ಈಗ ನೋಡಿ, ತುಟಿ ಪೆನ್ನಿಗೆ ಸೋಕುತ್ತಾ? ನಡುವೆ ಸಂದಿ ಇದೆಯಾ? ಇಲ್ಲ, ತುಟಿಯೇ ಪೆನ್ನನ್ನ ಆಚೆ ತಳ್ತಿದೆಯಾ?

ರೀಲ್ಸ್‌ನಲ್ಲಿ ಇದನ್ನ ಬ್ಯೂಟಿ ಟೆಸ್ಟ್ ಅಂತ ತೋರಿಸ್ತಾರೆ. ತುಟಿ ತಾಗಿದ್ರೆ ಫೇಲ್, ತಾಗದಿದ್ರೆ ಪಾಸ್. ಆದರೆ ಈ ಗೆರೆ ರೀಲ್ಸ್‌ಗಿಂತ ತುಂಬಾ ಹಳೇದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ರಾಬರ್ಟ್ ರಿಕೆಟ್ಸ್ ಎಂಬ ಆರ್ಥೊಡಾಂಟಿಸ್ಟ್ 1950ರ ದಶಕದಲ್ಲಿ ಬಳಕೆಗೆ ತಂದಿದ್ದು. ಹೆಸರು ಇ-ಲೈನ್. ಎಸ್ತೆಟಿಕ್ ಅನ್ನೋ ಪದದ ಮೊದಲ ಅಕ್ಷರ ಅದು. ಇವತ್ತಿಗೂ ನಮ್ಮೂರ ಡೆಂಟಲ್ ಕಾಲೇಜುಗಳಲ್ಲಿ ಪಿಜಿ ವಿದ್ಯಾರ್ಥಿಗಳು ಎಕ್ಸ್‌ರೇ ಮೇಲೆ ಆ ಗೆರೆ ಎಳೀತಾರೆ.

ನಾನು ಓದಿದ್ದು ಬಿಕಾಂ, ಡೆಂಟಲ್ ಅಲ್ಲ. ಆದರೂ ಈ ವಿಷಯ ಹಿಡ್ಕೊಂಡು ಕೂತಿದ್ದಕ್ಕೆ ಕಾರಣ ಇದೆ. ಕ್ಲಿಪ್ ಹಾಕಿಸೋಕೆ ಹೋದವರಲ್ಲಿ ಹಲವರಿಗೆ ಡಾಕ್ಟರ್ ‘ನಾಲ್ಕು ಹಲ್ಲು ತೆಗೀಬೇಕು’ ಅಂತಾರೆ. ಹುಳುಕಿಲ್ಲದ, ಗಟ್ಟಿಮುಟ್ಟಾದ ಹಲ್ಲುಗಳು. ಕೋರೆಹಲ್ಲಿನ ಹಿಂದೆ ಇರುವ ಪ್ರಿಮೋಲಾರ್‌ಗಳು, ಮೇಲೆರಡು ಕೆಳಗೆರಡು. ಹಲ್ಲಿಗೆ ಸಾಲಲ್ಲಿ ಜಾಗ ಸಾಲದೆ ಇದ್ರೆ ಕೀಳೋದು ಒಂದು ಕಾರಣ. ಇನ್ನೊಂದು ಕಾರಣ ತುಟಿ ಮುಂದೆ ಬಂದಿರೋದು. ಈ ಎರಡನೇ ಕಾರಣ ಸರಿಯಾ ತಪ್ಪಾ ಅಂತ ತೀರ್ಮಾನ ಆಗೋದು ಹಲ್ಲು ನೋಡಿ ಅಲ್ಲ, ಹಲ್ಲನ್ನ ಹೊದ್ದಿರೋ ಮಾಂಸ ನೋಡಿ. ಚರ್ಮ, ಕೊಬ್ಬು, ಸ್ನಾಯು, ತುಟಿ, ಇದಕ್ಕೇ ಸಾಫ್ಟ್ ಟಿಶ್ಯೂ ಅನ್ನೋದು. ಕ್ಲಿಪ್ ಬೇಡ ಅನಿಸಿದ್ರೆ ಬಿಚ್ಚಬಹುದು. ಕಿತ್ತ ಹಲ್ಲು ವಾಪಸ್ ಬರಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಎಡ್ವರ್ಡ್ ಆಂಗಲ್ ಅಂತ ಒಬ್ಬರು ಇದ್ದರು, ಆಧುನಿಕ ಆರ್ಥೊಡಾಂಟಿಕ್ಸ್‌ನ ಪಿತಾಮಹ ಅಂತಾನೇ ಕರೀತಾರೆ. ವಕ್ರ ಹಲ್ಲುಗಳನ್ನ ಕ್ಲಾಸ್ 1, 2, 3 ಅಂತ ಇವತ್ತಿಗೂ ವಿಂಗಡಿಸೋದು ಅವರು 1899ರಲ್ಲಿ ಮಾಡಿದ ಪಟ್ಟಿಯಂತೆ. ಆಂಗಲ್‌ಗೆ ಚಂದದ ಮುಖ ಅಂದ್ರೆ ಮೊದಲು ಗ್ರೀಕ್ ದೇವತೆ ಅಪೊಲೊನ ವಿಗ್ರಹ. ವಾರ್ಪೆಲ್ ಅನ್ನೋ ಚಿತ್ರಕಲಾ ಮೇಷ್ಟ್ರನ್ನ ಕೇಳಿದಾಗ, ಮನುಷ್ಯರ ಮುಖಗಳು ಇಷ್ಟೊಂದು ಬಗೆ ಇರೋವಾಗ ಒಂದೇ ಅಳತೆಗೋಲು ಇಟ್ಟರೆ ಆಗಲ್ಲ ಅನ್ನೋ ಅಭಿಪ್ರಾಯ ಬಂತು. ಆಂಗಲ್ ಅದನ್ನ ಒಪ್ಪಿದರು, ಆದರೆ ಅದರಿಂದ ಬೇರೆಯೇ ಒಂದು ತೀರ್ಮಾನಕ್ಕೆ ಹೋದರು. ಎಲ್ಲಾ ಹಲ್ಲೂ ಉಳಿಸಿ, ಸರಿಯಾಗಿ ಜೋಡಿಸಿದ್ರೆ ಆ ಮನುಷ್ಯನಿಗೆ ಒಪ್ಪುವ ಮುಖ ತಾನಾಗೇ ಬರುತ್ತೆ ಅಂತ. ಹಾಗಾಗಿ ಕೀಳೋ ಮಾತೇ ಇಲ್ಲ.

ಅವರ ಶಿಷ್ಯ ಚಾರ್ಲ್ಸ್ ಟ್ವೀಡ್ ಅರಿಜೋನಾದಲ್ಲಿ ಪ್ರಾಕ್ಟೀಸ್ ಮಾಡ್ತಾ ಗುರುವಿನ ದಾರೀಲೇ ನಡೆದರು. ಹಲ್ಲು ಸಾಲಾಗಿ ನಿಂತವು, ಆದರೆ ಎಷ್ಟೋ ರೋಗಿಗಳ ಬಾಯಿ ಮುಂದಕ್ಕೆ ಉಬ್ಬಿ ಕೂತಿತ್ತು. ಜೋಡಿಸಿದ ಹಲ್ಲು ಮತ್ತೆ ವಕ್ರ ಆಗ್ತಿತ್ತು. ಆಂಗಲ್ ತೀರಿಕೊಂಡಿದ್ದು 1930ರಲ್ಲಿ. ಆಮೇಲೆ ಟ್ವೀಡ್ ಅದೇ ರೋಗಿಗಳನ್ನ ಕರೆಸಿ, ನಾಲ್ಕು ಪ್ರಿಮೋಲಾರ್ ತೆಗೆದು, ಎರಡನೇ ಸಲ ಚಿಕಿತ್ಸೆ ಕೊಟ್ಟು ತೋರಿಸಿದರು. ಗಾಳಿ ಆ ಕಡೆ ತಿರುಗಿತು. ಎಷ್ಟರಮಟ್ಟಿಗೆ ಅಂದ್ರೆ, ಅಮೆರಿಕದ ನಾರ್ತ್ ಕೆರೊಲಿನಾ ಯೂನಿವರ್ಸಿಟಿಯ ಒಂದೇ ಕ್ಲಿನಿಕ್‌ನ ಲೆಕ್ಕ ಇದೆ: 1953ರಲ್ಲಿ 30 ಪರ್ಸೆಂಟ್ ರೋಗಿಗಳಿಗೆ ಹಲ್ಲು ಕಿತ್ತಿದ್ರು, 1968ರಲ್ಲಿ 76 ಪರ್ಸೆಂಟ್, 1993ರಲ್ಲಿ ವಾಪಸ್ 28 ಪರ್ಸೆಂಟ್. ನಲವತ್ತು ವರ್ಷದಲ್ಲಿ ಅಲ್ಲಿನ ಜನರ ದವಡೆ ಇಷ್ಟು ಹಿಗ್ಗಿ ಕುಗ್ಗಲು ಸಾಧ್ಯವೇ ಇಲ್ಲ. ಬದಲಾಗಿದ್ದು ಡಾಕ್ಟರುಗಳ ನಂಬಿಕೆ. ಷೇರು ಮಾರ್ಕೆಟ್ ಚಾರ್ಟ್ ನೋಡಿದ ಹಾಗೇ ಇದೆ ಅನ್ಸುತ್ತೆ ನನಗೆ.

ಈ ಹಗ್ಗಜಗ್ಗಾಟದ ನಡುವೆ ಬಂದಿದ್ದು ಸೆಫಲೋಗ್ರಾಂ, ಡಾಕ್ಟರುಗಳ ಬಾಯಲ್ಲಿ ಸೆಫ್. ತಲೆಯ ಸೈಡ್ ಎಕ್ಸ್‌ರೇ. ಹಾಲಿ ಬ್ರಾಡ್‌ಬೆಂಟ್ ಎಂಬ ಅಮೆರಿಕನ್, ಹೊಫ್ರಾತ್ ಎಂಬ ಜರ್ಮನ್, ಇಬ್ಬರೂ 1931ರಲ್ಲಿ ಬೇರೆಬೇರೆಯಾಗಿ ಇದರ ವಿಧಾನ ಪ್ರಕಟಿಸಿದರು. ಕ್ಲಿಪ್ ಹಾಕಿಸಿದವರಿಗೆ ನೆನಪಿರುತ್ತೆ: ಎರಡೂ ಕಿವಿಗೆ ಕಡ್ಡಿ ತೂರಿಸಿ, ಅಲುಗಾಡಬೇಡಿ ಅಂತ ನಿಲ್ಲಿಸ್ತಾರಲ್ಲ, ಅದೇ. ಪ್ರತಿ ಸಲವೂ ತಲೆ ಒಂದೇ ಥರ ನಿಂತರೆ ತಾನೆ ಚಿಕಿತ್ಸೆಗೆ ಮುಂಚಿನ ಚಿತ್ರ, ನಂತರದ ಚಿತ್ರ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡೋಕೆ ಆಗೋದು! ಆ ಚಿತ್ರದಲ್ಲಿ ಮೂಳೆ, ಹಲ್ಲಿನ ಜೊತೆಗೆ ಮೂಗು, ತುಟಿ, ಗದ್ದದ ಹೊರಗೆರೆಯೂ ಮಸುಕಾಗಿ ಕಾಣುತ್ತೆ. ಅಲ್ಲಿಂದ ಶುರುವಾಯ್ತು ಗೆರೆಗಳ ಸುಗ್ಗಿ. ಸ್ಟೈನರ್‌ದು ಒಂದು ಗೆರೆ, ಹೋಲ್ಡವೇದು ಒಂದು, ಮೆರಿಫೀಲ್ಡ್‌ದು ಒಂದು ಕೋನ, ಬರ್ಸ್ಟೋನ್‌ದು ಇನ್ನೊಂದು. ಎಲ್ಲವನ್ನೂ ವಿವರಿಸೋಕೆ ಕೂತ್ರೆ ನೀವು ಮುಂದಿನ ಎಪಿಸೋಡ್‌ಗೆ ಸ್ಕಿಪ್ ಮಾಡ್ತೀರಾ, ಹಾಗಾಗಿ ಇ-ಲೈನ್ ಒಂದನ್ನೇ ಇಟ್ಕೊಳ್ಳೋಣ.

ರಿಕೆಟ್ಸ್ ಪ್ರಕಾರ ದೊಡ್ಡವರಲ್ಲಿ ಕೆಳತುಟಿ ಈ ಗೆರೆಗಿಂತ ಸುಮಾರು 2 ಮಿ.ಮೀ. ಹಿಂದೆ ಇರಬೇಕು, ಮೇಲ್ತುಟಿ ಇನ್ನೂ ಸ್ವಲ್ಪ ಹಿಂದೆ. ಈಗ ಇಬ್ಬರು ಹುಡುಗಿಯರನ್ನ ಊಹಿಸಿಕೊಳ್ಳಿ. ಇಬ್ಬರಿಗೂ ಕೆಳತುಟಿ ಗೆರೆಯಿಂದ 3 ಮಿ.ಮೀ. ಮುಂದೆ. ನಂಬರ್ ಒಂದೇ. ಮೊದಲನೆಯವಳಿಗೆ ಮೇಲಿನ ಕೆಳಗಿನ ಹಲ್ಲುಗಳೆರಡೂ ನಿಜವಾಗಿ ಮುಂದಕ್ಕೆ ಬಾಗಿವೆ, ಮೂಗು ಗದ್ದ ಎರಡೂ ಸರಿಯಾಗಿವೆ. ಎರಡನೆಯವಳ ಹಲ್ಲು ಇರಬೇಕಾದ ಜಾಗದಲ್ಲೇ ಇದೆ, ಆದರೆ ಗದ್ದ ಹಿಂದೆ ಸರಿದಿದೆ, ಮೂಗೂ ಚಿಕ್ಕದು. ಗೆರೆಯ ಎರಡು ತುದಿ ಯಾವುದು ಹೇಳಿ? ಮೂಗು ಮತ್ತು ಗದ್ದ. ಅವೆರಡೂ ಹಿಂದೆ ಇದ್ರೆ ಗೆರೆಯೇ ಹಿಂದಕ್ಕೆ ಬೀಳುತ್ತೆ, ತುಟಿ ಪಾಪ ತನ್ನ ಪಾಡಿಗೆ ಇದ್ದರೂ ಮುಂದೆ ಬಂದ ಹಾಗೆ ಕಾಣುತ್ತೆ. ಈಗ ಎರಡನೆಯವಳಿಗೆ ನಾಲ್ಕು ಹಲ್ಲು ಕಿತ್ತು, ತುಟಿಯನ್ನ ಗೆರೆಯ ಹಿಂದಕ್ಕೆ ತಂದರೆ ಏನಾಗುತ್ತೆ? ನಂಬರ್ ಪಾಸ್ ಆಗುತ್ತೆ. ಮುಖ ಮಾತ್ರ ತಟ್ಟೆಯ ಹಾಗೆ ಒಳಗೆ ಹೋಗುತ್ತೆ, ಮೂಗು ಮೊದಲಿಗಿಂತ ಎದ್ದು ಕಾಣುತ್ತೆ. ಅವಳ ತೊಂದರೆ ಇದ್ದಿದ್ದು ಗದ್ದದಲ್ಲಿ, ರಿಪೇರಿ ಮಾಡಿದ್ದು ತುಟಿಯನ್ನ.

ಅದಕ್ಕೇ ಅನುಭವಸ್ಥ ಡಾಕ್ಟರ್ ಎಕ್ಸ್‌ರೇಗೂ ಮೊದಲು ಮುಖ ನೋಡ್ತಾರೆ. ನೋಡೋಕೂ ಒಂದು ಕ್ರಮ ಇದೆ. ಡೆಂಟಲ್ ಚೇರ್‌ನಲ್ಲಿ ಮಲಗಿಸಿ ನೋಡಿದ್ರೆ ಉಪಯೋಗ ಇಲ್ಲ. ನೆಟ್ಟಗೆ ನಿಲ್ಲಿಸಿ ಅಥವಾ ಕೂರಿಸಿ, ದೂರದ ಗೋಡೆಯನ್ನೋ ಕನ್ನಡಿಯಲ್ಲಿ ತಮ್ಮದೇ ಕಣ್ಣನ್ನೋ ನೋಡೋಕೆ ಹೇಳ್ತಾರೆ. ಆಗ ತಲೆ ಅದರ ಸಹಜ ಮಟ್ಟಕ್ಕೆ ಬರುತ್ತೆ. ತಲೆ ಸ್ವಲ್ಪ ಎತ್ತಿದ್ರೂ ಗದ್ದ ಮುಂದೆ ಬಂದ ಹಾಗೆ, ತಗ್ಗಿಸಿದ್ರೆ ಗದ್ದವೇ ಇಲ್ಲದ ಹಾಗೆ ಕಾಣುತ್ತೆ. ಫೋಟೋಗೆ ಪೋಸ್ ಕೊಡೋ ನಮಗೆ ಇದು ಚೆನ್ನಾಗೇ ಗೊತ್ತಲ್ವಾ?

ಮುಂದಿನದು ಇನ್ನೂ ಮುಖ್ಯ: ತುಟಿ ಸಡಿಲ ಬಿಡಬೇಕು. ಹಲ್ಲು ಉಬ್ಬಿರುವವರಿಗೆ ಚಿಕ್ಕಂದಿನಿಂದ ಬಾಯಿ ಮುಚ್ಕೋ ಅಂತ ಬೈಸ್ಕೊಂಡು ಅಭ್ಯಾಸ. ಯಾರಾದ್ರೂ ನೋಡ್ತಿದ್ದಾರೆ ಅಂದ ತಕ್ಷಣ ತುಟಿಯನ್ನ ಎಳೆದು ಮುಚ್ತಾರೆ. ಹಾಗೆ ಮುಚ್ಚಿದಾಗ ಗದ್ದದ ಸ್ನಾಯು ಬಿಗಿದು ಅಲ್ಲಿ ಕಿತ್ತಳೆ ಸಿಪ್ಪೆ ಥರ ಚುಕ್ಕಿಚುಕ್ಕಿ ಕಾಣುತ್ತೆ, ಗದ್ದದ ಆಕಾರವೂ ಚಪ್ಪಟೆ ಆಗುತ್ತೆ. ಆ ಬಿಗಿತದಲ್ಲಿ ಅಳೆದ ತುಟಿ ಸುಳ್ಳು ತುಟಿ. ಡಾಕ್ಟರ್ ಮಾತಾಡಿಸ್ತಾ, ನಗಿಸ್ತಾ, ತುಟಿ ತಾನಾಗೇ ಸಡಿಲ ಆಗೋ ಕ್ಷಣ ಕಾಯ್ತಾರೆ. ಆಗ ಎರಡು ತುಟಿಗಳ ಮಧ್ಯೆ ಎಷ್ಟು ಸಂದಿ ಇದೆ ನೋಡ್ತಾರೆ. 3-4 ಮಿ.ಮೀ. ತನಕ ಸಹಜ. ಅದಕ್ಕಿಂತ ಜಾಸ್ತಿ ಇದ್ರೆ, ಬಾಯಿ ಮುಚ್ಚೋಕೆ ದಿನವಿಡೀ ಸ್ನಾಯು ದುಡೀತಿದೆ ಅಂತ ಅರ್ಥ. ತುಟಿ ಮುಂದೆ ಬಂದಿದೆ, ಜೊತೆಗೆ ಸಡಿಲ ಬಿಟ್ಟಾಗ ಮುಚ್ಚಲ್ಲ, ಎರಡೂ ಸೇರಿದ್ರೆ ಹಲ್ಲು ಹಿಂದೆ ತರೋದಕ್ಕೆ ಗಟ್ಟಿ ಕಾರಣ ಸಿಕ್ಕ ಹಾಗೆ. ತುಟಿ ತುಂಬಿಕೊಂಡಿದೆ, ಆದರೆ ಆರಾಮಾಗಿ ಮುಚ್ಚುತ್ತೆ ಅಂದ್ರೆ? ಅದು ಆ ಮನುಷ್ಯನ ಮುಖ, ಅಷ್ಟೇ.

ಇದರ ಜೊತೆ ಮೂಗಿನ ಕೆಳಭಾಗಕ್ಕೂ ಮೇಲ್ತುಟಿಗೂ ನಡುವಿನ ಕೋನ ನೋಡ್ತಾರೆ. ಪಠ್ಯಪುಸ್ತಕಗಳಲ್ಲಿ 90ರಿಂದ 110 ಡಿಗ್ರಿ ಆಸುಪಾಸು ಅಂತ ಇರುತ್ತೆ. ಮೊದಲೇ ಈ ಕೋನ ಅಗಲ ಇರುವವರ ಮೇಲ್ತುಟಿಯನ್ನ ಇನ್ನೂ ಹಿಂದೆ ಎಳೆದರೆ ಚಂದ ಕೆಡುತ್ತೆ. ಸುಮ್ಮನೆ ಕೂತಾಗ ಮೇಲಿನ ಹಲ್ಲು ಎಷ್ಟು ಕಾಣುತ್ತೆ, ನಕ್ಕಾಗ ವಸಡು ಎಷ್ಟು ಕಾಣುತ್ತೆ, ಎದುರಿನಿಂದ ಮುಖ ಎರಡೂ ಕಡೆ ಸಮ ಇದೆಯಾ, ಇವೂ ಇವೆ.

ಈಗ ನನ್ನ ಏರಿಯಾಗೆ ಬರ್ತೀನಿ. ಬಿಕಾಂನಲ್ಲಿ ಕರೆಂಟ್ ರೇಷಿಯೋ 2:1 ಇದ್ರೆ ಐಡಿಯಲ್ ಅಂತ ಬಾಯಿಪಾಠ ಮಾಡಿದ್ವಿ. ಆಮೇಲೆ ಮೇಷ್ಟ್ರು ಹೇಳಿದ್ದು, ದಿನಾ ಕ್ಯಾಶ್ ಬರೋ ದಿನಸಿ ಅಂಗಡಿಗೂ, ಆರು ತಿಂಗಳು ಸಾಲ ಕೊಟ್ಟು ಕಾಯೋ ಕಾರ್ಖಾನೆಗೂ ಅದೇ ರೇಷಿಯೋ ಹಿಡ್ಕೊಂಡು ಕೂತ್ರೆ ನೀನು ಆಡಿಟರ್ ಅಲ್ಲ, ಕ್ಯಾಲ್ಕುಲೇಟರ್ ಅಂತ. ಯಾವ ಬೆಂಚ್‌ಮಾರ್ಕ್ ಆದ್ರೂ ಮೊದಲು ಕೇಳಬೇಕಾದ್ದು, ಇದನ್ನ ಯಾರನ್ನ ಅಳೆದು ಮಾಡಿದ್ದು?

ಸೆಫ್ ಅಳತೆಗಳ ಮೊದಲ ದೊಡ್ಡ ಮಾನದಂಡ ಕೊಟ್ಟವರು ವಿಲಿಯಂ ಡೌನ್ಸ್, 1948ರಲ್ಲಿ. ಅಳೆದಿದ್ದು 20 ಜನರನ್ನ. 12ರಿಂದ 17 ವರ್ಷದ ಬಿಳಿಯ ಅಮೆರಿಕನ್ ಹುಡುಗ ಹುಡುಗಿಯರು. ಸ್ಟೈನರ್ ಅವರ ಅಳತೆ ಹಾಲಿವುಡ್‌ನ ಒಬ್ಬಳೇ ಹೊಸ ನಟಿಯ ಮುಖದ್ದು ಅನ್ನೋ ಕಥೆಯೂ ಇದೆ. ಅದು ನಿಜವೋ ದಂತಕಥೆಯೋ, ಹಲ್ಲಿನ ವಿಷಯ ಆದ್ದರಿಂದ ದಂತಕಥೆ ಅಂತಾನೇ ಇಟ್ಕೊಳ್ಳೋಣ. ರಿಕೆಟ್ಸ್ ಗೆರೆಯ ಅಳತೆಯೂ ಬಿಳಿಯರ ಮುಖದ್ದೇ. ನಮ್ಮಲ್ಲೂ ಅಳೆದಿದ್ದಾರೆ. ನಂದಾ ಮತ್ತು ನಂದಾ ಉತ್ತರ ಭಾರತದವರ ಮುಖ ಅಳೆದು 1969ರಲ್ಲೇ ಪ್ರಕಟಿಸಿದ್ದರು. ದಕ್ಷಿಣದಲ್ಲೂ ಡೆಂಟಲ್ ಕಾಲೇಜುಗಳಲ್ಲಿ ಇಂಥ ಅಧ್ಯಯನ ನಡೆದಿವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣೋದು ಏನಂದ್ರೆ, ಹಲ್ಲು ಸರಿಯಾಗಿ ಕೂಡಿರುವ, ನೋಡೋಕೂ ಚೆನ್ನಾಗಿರುವ ದಕ್ಷಿಣ ಭಾರತದವರ ತುಟಿ ಆ ಬಿಳಿಯರ ಅಳತೆಗಿಂತ ಸ್ವಲ್ಪ ಮುಂದೆ ಇರುತ್ತೆ. ಅಂದ್ರೆ ಈಗ ಪೆನ್ ಹಿಡಿದು ಫೇಲ್ ಆದ ಅರ್ಧಕ್ಕರ್ಧ ಜನ ನಿಜಕ್ಕೂ ಫೇಲ್ ಆಗಿಲ್ಲ. ಪ್ರಶ್ನೆಪತ್ರಿಕೆಯೇ ಬೇರೆ ಸಿಲಬಸ್‌ದು.

ನನ್ನ ಚಿಕ್ಕಮ್ಮನ ಮಗಳು ದಾವಣಗೆರೆಯಲ್ಲಿ ಸೆಕೆಂಡ್ ಪಿಯು ಓದ್ತಿದ್ದಾಳೆ. ಹೋದ ವರ್ಷ ಒಂದಿನ ರಾತ್ರಿ ಹತ್ತೂವರೆಗೆ ಫೋನ್. ‘ಅಕ್ಕಾ, ನಾಲ್ಕು ಹಲ್ಲು ಕೀಳ್ತಾರಂತೆ. ಕಿತ್ರೆ ಮುಖ ಅಜ್ಜಿ ಥರ ಒಳಗೆ ಹೋಗುತ್ತಂತೆ, ಯೂಟ್ಯೂಬಲ್ಲಿ ಇದೆ.’ ಇನ್ನೊಂದು ಕ್ಲಿನಿಕ್‌ನಲ್ಲಿ ಹಲ್ಲು ಮಾತ್ರ ಸ್ಕ್ಯಾನ್ ಮಾಡಿ, ಕೀಳೋದು ಬೇಡ, ಅಲೈನರ್ ಹಾಕಿದ್ರೆ ಆಯ್ತು ಅಂದಿದ್ರು. ಚಿಕ್ಕಮ್ಮನ ಚಿಂತೆ ಬೇರೆ, ಅದನ್ನ ನಿಮಗೆ ಬಿಡಿಸಿ ಹೇಳಬೇಕಿಲ್ಲ: ನಾಳೆ ಹೆಣ್ಣು ನೋಡೋಕೆ ಬರೋರು ಉಬ್ಬುಹಲ್ಲು ಅಂತಾರೆ. ಈ ಮೂರು ಮಾತಿನ ಮಧ್ಯೆ ಆ ಹುಡುಗಿ ಸಿಕ್ಕಿಹಾಕ್ಕೊಂಡಿದ್ದಳು.

ನಾನು ರಜೆ ಹಾಕಿ ಜೊತೆಗೆ ಹೋದೆ. ಕೀಳಬೇಕು ಅಂದಿದ್ದ ಮೇಡಂ ನಮಗೆ ಅವಳ ಸೆಫ್ ಹಾಕಿ ತೋರಿಸಿದರು. ಸಡಿಲ ಬಿಟ್ಟಾಗ ತುಟಿಗಳ ನಡುವೆ 7 ಮಿ.ಮೀ. ಸಂದಿ. ಮುಚ್ಚಿದಾಗ ಗದ್ದದಲ್ಲಿ ಆ ಕಿತ್ತಳೆ ಸಿಪ್ಪೆ. ಗದ್ದದ ಮೂಳೆ ಚೆನ್ನಾಗಿದೆ, ಹಲ್ಲು ನಿಜಕ್ಕೂ ಮುಂದೆ ಬಾಗಿವೆ, ತುಟಿ ದಪ್ಪ. ನಾನು ಕೇಳಿದ್ದು ಒಂದೇ: ಹಲ್ಲು ಹಿಂದೆ ಹೋದ್ರೆ ತುಟಿ ಎಷ್ಟು ಹಿಂದೆ ಹೋಗುತ್ತೆ? ಅವರು, ‘ಹಲ್ಲು ಹೋದಷ್ಟು ಮೇಲ್ತುಟಿ ಹೋಗಲ್ಲಮ್ಮ. ತೆಳು ತುಟಿಯವರಿಗೆ ಜಾಸ್ತಿ ಹೋಗುತ್ತೆ, ದಪ್ಪ ತುಟಿಯವರಿಗೆ ಕಡಿಮೆ. ಬಿಗಿದುಕೊಂಡಿರೋ ತುಟಿ ಮೊದಲು ಸಡಿಲ ಆಗುತ್ತೆ, ಹಿಂದೆ ಸರಿಯೋದು ಆಮೇಲೆ. ಇಷ್ಟೇ ಮಿ.ಮೀ. ಅಂತ ಬರೆದುಕೊಡೋಕೆ ಆಗಲ್ಲ’ ಅಂದರು. ಈ ಉತ್ತರ ಕೇಳಿ ನನಗೆ ಅವರ ಮೇಲೆ ನಂಬಿಕೆ ಜಾಸ್ತಿ ಆಯ್ತು. ಗ್ಯಾರಂಟಿ ರಿಟರ್ನ್ಸ್ ಅನ್ನೋರನ್ನ ನಂಬಬಾರದು ಅಂತ ನಮ್ಮ ಕಾಮರ್ಸ್‌ನವರಿಗೆ ಗೊತ್ತಿರೋದೇ.

ಆಮೇಲೆ ಮೇಡಂ ಅವಳ ಕಡೆ ತಿರುಗಿ, ‘ನಿನಗೆ ಎಷ್ಟು ಬೇಕು?’ ಅಂತ ಕೇಳಿದರು. ಅವಳು ಅಮ್ಮನ ಮುಖ ನೋಡಿ, ‘ಬಾಯಿ ಮುಚ್ಚಿದ್ರೆ ಸಾಕು ಮೇಡಂ. ಅಮ್ಮನ ಥರಾನೇ ಕಾಣಬೇಕು’ ಅಂದಳು. ಚಿಕ್ಕಮ್ಮನದೂ ಅದೇ ತುಂಬು ತುಟಿ. ಚಿಕ್ಕಮ್ಮ ಏನೂ ಮಾತಾಡಲಿಲ್ಲ. ತೀರ್ಮಾನ ಆಗಿದ್ದು, ಹಲ್ಲು ತೆಗೆಯೋದು, ಆದರೆ ಸಿಕ್ಕ ಜಾಗ ಪೂರ್ತಿ ಮುಂದಿನ ಹಲ್ಲನ್ನ ಹಿಂದೆ ಎಳೆಯೋಕೆ ಬಳಸದೆ, ತುಟಿ ಸಲೀಸಾಗಿ ಮುಚ್ಚೋ ಹೊತ್ತಿಗೆ ನಿಲ್ಲಿಸೋದು, ಉಳಿದ ಜಾಗಕ್ಕೆ ಹಿಂದಿನ ಹಲ್ಲನ್ನ ಮುಂದೆ ತರೋದು. ಹೀಗೂ ಮಾಡಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಹಾಗಾದ್ರೆ ಹಲ್ಲು ಕಿತ್ತರೆ ಮುಖ ಒಳಗೆ ಹೋಗುತ್ತೆ ಅನ್ನೋ ಯೂಟ್ಯೂಬ್ ಮಾತು? ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚಿಕಿತ್ಸೆ ಮುಗಿದವರ ಮುಖ ತೋರಿಸಿ, ಇವರಲ್ಲಿ ಹಲ್ಲು ಕೀಳಿಸಿಕೊಂಡವರು ಯಾರು ಅಂತ ಡೆಂಟಿಸ್ಟ್‌ಗಳನ್ನ, ಆರ್ಥೊಡಾಂಟಿಸ್ಟ್‌ಗಳನ್ನ ಕೇಳಿದ್ರು. ನಾಣ್ಯ ಚಿಮ್ಮಿ ಹೇಳಿದ್ರೂ ಹೆಚ್ಚುಕಮ್ಮಿ ಅಷ್ಟೇ ಸರಿ ಬರ್ತಿತ್ತು. ಸರಿಯಾದ ಮುಖ ಆರಿಸಿ ಕಿತ್ತರೆ ಗೊತ್ತಾಗಲ್ಲ. ತೊಂದರೆ ಆಗೋದು ತಪ್ಪು ಮುಖ ಆರಿಸಿದಾಗ, ಅಂದ್ರೆ ನಾನು ಹೇಳಿದ ಆ ಎರಡನೇ ಹುಡುಗಿಯಂಥವರಿಗೆ.

ವಯಸ್ಸಿನ ವಿಷಯ ಬಿಟ್ಟುಬಿಟ್ಟೆ. ಹದಿಮೂರರ ಹುಡುಗನ ಮುಖ ಮುಗಿದ ಮುಖ ಅಲ್ಲ. ಮೂಗು, ಗದ್ದ ಎರಡೂ ಇನ್ನೂ ಮುಂದೆ ಬೆಳೀತವೆ, ಹುಡುಗರಲ್ಲಂತೂ ಇನ್ನೂ ಜಾಸ್ತಿ ದಿನ. ತುಟಿ ಉದ್ದಕ್ಕೂ ಬೆಳೆಯುತ್ತೆ, ಈಗ ಇರುವ ಸಂದಿ ಎಷ್ಟೋ ಮಕ್ಕಳಲ್ಲಿ ಹದಿಹರೆಯ ಮುಗಿಯೋ ಹೊತ್ತಿಗೆ ಕಮ್ಮಿ ಆಗುತ್ತೆ. ಯೌವನ ದಾಟಿದ ಮೇಲೆ ತುಟಿ ವರ್ಷವರ್ಷಕ್ಕೂ ತೆಳುವಾಗುತ್ತಾ ಹೋಗುತ್ತೆ. ಹದಿಮೂರಕ್ಕೆ ಗೆರೆಗೆ ಸರಿಯಾಗಿ ತುಟಿ ಕೂರಿಸಿದ್ರೆ, ನಲವತ್ತೈದಕ್ಕೆ ಅದೇ ಮುಖ ಬತ್ತಿದ ಹಾಗೆ ಕಾಣಬಹುದು. 1990ರ ದಶಕದ ಕೊನೆಗೆ ಪ್ರೊಫಿಟ್, ಆಕರ್‌ಮನ್ ಮೊದಲಾದವರು ಹಲ್ಲಿನ ಕಚ್ಚುವಿಕೆಗಿಂತ ಮೊದಲು ಮುಖ ಎಲ್ಲಿಗೆ ಬರಬೇಕು ಅಂತ ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಅಂತ ಬರೆದಿದ್ದು ಇದೇ ಅರ್ಥದಲ್ಲಿ.

ಸೆಲ್ಫಿ ಬಗ್ಗೆ ಒಂದು ಮಾತು, ನೀವೆಲ್ಲ ಈಗಾಗಲೇ ಕ್ಯಾಮೆರಾ ಆನ್ ಮಾಡಿರ್ತೀರಾ. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದ್ರು: ಮುಖದಿಂದ 12 ಇಂಚು ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು, 5 ಅಡಿ ದೂರದ ಫೋಟೋಗಿಂತ ಸುಮಾರು 30 ಪರ್ಸೆಂಟ್ ಅಗಲ ಕಾಣುತ್ತೆ. ಲೆನ್ಸ್‌ಗೆ ಹತ್ತಿರ ಇರೋದು ದೊಡ್ಡದಾಗಿ ಬೀಳುತ್ತೆ, ಅಷ್ಟೇ. ಸೆಫ್ ತೆಗೆಯುವಾಗಲೂ ಎಕ್ಸ್‌ರೇ ಹೊರಡುವ ಜಾಗಕ್ಕೂ ತಲೆಯ ಮಧ್ಯಕ್ಕೂ ಅದೇ 5 ಅಡಿ ಅಂತರ ಇಡೋದು ವಾಡಿಕೆ, ಇದೇ ಕಾರಣಕ್ಕೆ. ನಿಮ್ಮ ಪ್ರೊಫೈಲ್ ನೋಡಲೇಬೇಕು ಅಂದ್ರೆ ಫೋನ್ ಸ್ನೇಹಿತರ ಕೈಗೆ ಕೊಟ್ಟು, ಐದಡಿ ದೂರ ನಿಲ್ಲಿಸಿ, ದೂರದ ಗೋಡೆ ನೋಡ್ತಾ, ತುಟಿ ಸಡಿಲ ಬಿಟ್ಟು ತೆಗೆಸಿ. ಬರೀ ಸೆಲ್ಫಿ ಕಳಿಸಿ, ಮನೆಗೇ ಅಲೈನರ್ ಬರುತ್ತೆ ಅನ್ನೋ ಆಫರ್‌ಗಳ ಬಗ್ಗೆ ನನ್ನ ಅಭಿಪ್ರಾಯ ಏನು ಅಂತ ಇನ್ನು ಕೇಳಬೇಡಿ.

ಡಾಕ್ಟರ್ ಹತ್ರ ಹೋದಾಗ, ಕೀಳಬೇಕು ಅಂದ್ರೂ ಬೇಡ ಅಂದ್ರೂ, ಯಾಕೆ ಅಂತ ಕೇಳಿ. ಜಾಗ ಇಲ್ಲದ್ದಕ್ಕಾ, ತುಟಿಗಾ? ತುಟಿಗೆ ಅಂದ್ರೆ, ಮುಂದೆ ಬಂದಿರೋದು ಹಲ್ಲಾ ಅಥವಾ ಹಿಂದೆ ಹೋಗಿರೋದು ಗದ್ದನಾ? ಹೋಲಿಸ್ತಿರೋದು ಯಾರ ಅಳತೆಗೆ? ಗದ್ದ ತುಂಬಾ ಹಿಂದೆ ಇದ್ದು ಬೆಳವಣಿಗೆ ಮುಗಿದಿದ್ರೆ ಕ್ಲಿಪ್ ಒಂದರಿಂದ ಅದು ಮುಂದೆ ಬರಲ್ಲ, ಸರ್ಜರಿ ಮಾತು ಬರಬಹುದು. ಬೇಡ ಅನ್ನೋ ಹಕ್ಕೂ ನಿಮ್ಮದೇ. ಇನ್ನೂ ಬೆಳೆಯೋ ವಯಸ್ಸಿದ್ರೆ ದಾರಿ ಬೇರೆ ಇದೆ, ಅದಕ್ಕೆ ತಡ ಮಾಡದೆ ತೋರಿಸೋದು ಒಳ್ಳೇದು. ದುಡ್ಡು ಕಟ್ಟಿದ ಮೇಲೆ ಎಕ್ಸ್‌ರೇ, ಫೋಟೋ ಎರಡರ ಕಾಪಿಯನ್ನೂ ಫೋನಿಗೆ ಹಾಕಿಸ್ಕೊಳ್ಳಿ. ಬೇರೆ ಊರಿಗೆ ಓದೋಕೆ ಹೋದ್ರೆ ಅಲ್ಲಿನ ಡಾಕ್ಟರ್ ಮೊದಲು ಕೇಳೋದು ಅದನ್ನೇ.

ಇವತ್ತಿಗೆ ಇಷ್ಟು. ಪೆನ್ನನ್ನ ಈಗ ಕೆಳಗಿಡಬಹುದು.